ಸದಸ್ಯರೇ ಇಲ್ಲದ ಪಂಚಾಯ್ತಿ: ಜಪಾನಿನ ಉತ್ಸುಕಿ ಹಳ್ಳಿ ಬಗ್ಗೆ ಮಾತಾಡೋಣ್ವಾ?

ನಕ್ಷೆಹುಚ್ಚ

ನಕ್ಷೆ ನೋಡುತ್ತಾ ಕೂರುವ ಚಟ ನನ್ನದು, ಇಲ್ಲಿನ ಹಳಬರಿಗೆಲ್ಲ ಗೊತ್ತು. ಮೊನ್ನೆ ರಾತ್ರಿ ಟೋಕಿಯೋದಿಂದ ಕೆಳಗೆ, ಪೆಸಿಫಿಕ್ ಸಮುದ್ರದ ಮೇಲೆ ಬೆರಳಾಡಿಸುತ್ತಾ ಹೋದೆ. ಇಜು ದ್ವೀಪಗಳು ಒಂದರ ಹಿಂದೊಂದು ಸಾಲಾಗಿ ಸಿಗುತ್ತವೆ. ಸುಮಾರು 290 ಕಿ.ಮೀ. ಇಳಿದರೆ ಹಚಿಜೋಜಿಮಾ. ಅದರ ಪಕ್ಕದಲ್ಲೇ ಏಳೆಂಟು ಕಿ.ಮೀ. ದೂರಕ್ಕೆ ಒಂದು ಚುಕ್ಕೆ: ಹಚಿಜೋ-ಕೋಜಿಮಾ. ಕೋಜಿಮಾ ಅಂದರೆ ಚಿಕ್ಕ ದ್ವೀಪ. ಹೆಸರಿಗೆ ತಕ್ಕ ಹಾಗೆ ಮೂರೇ ಚದರ ಕಿ.ಮೀ. ನಡುವೆ 616 ಮೀಟರ್ ಗುಡ್ಡ. ನೆಲ ಅನ್ನುವುದಕ್ಕಿಂತ ಇಳಿಜಾರು ಅನ್ನಬೇಕು.

ಈಗ ಅಲ್ಲಿ ಯಾರೂ ಇಲ್ಲ. 1969ರವರೆಗೆ ಇದ್ದರು. ಅಷ್ಟು ಸಣ್ಣ ಜಾಗದಲ್ಲಿ ಎರಡು ಹಳ್ಳಿ: ವಾಯವ್ಯಕ್ಕೆ ತೊರಿಉಚಿ, ಆಗ್ನೇಯಕ್ಕೆ ಉತ್ಸುಕಿ. ಎರಡಕ್ಕೂ ಬೇರೆ ಬೇರೆ ಆಡಳಿತ.

ನಾನು ಈ ಎಳೆ ಶುರು ಮಾಡಿದ್ದು ಉತ್ಸುಕಿಗಾಗಿ. 1951ರಿಂದ 1955ರವರೆಗೆ ಆ ಹಳ್ಳಿಗೆ ಚುನಾಯಿತ ಸದಸ್ಯರೇ ಇರಲಿಲ್ಲ. ಮತ ಹಾಕುವ ಹಕ್ಕು ಇದ್ದವರೆಲ್ಲ ಸೇರಿದರೆ ಅದೇ ಸಭೆ. ಬಜೆಟ್ಟಿಗೆ ಒಪ್ಪಿಗೆ ಕೊಡುವುದು, ಊರಿನ ನಿಯಮ ಮಾಡುವುದು, ಎಲ್ಲ ಅವರೇ. ಇದು ಊರ ಕಟ್ಟೆಯ ಪದ್ಧತಿ ಅಲ್ಲ, ಕಾನೂನಿನಲ್ಲೇ ಇದೆ. ಜಪಾನಿನ ಸ್ಥಳೀಯ ಆಡಳಿತ ಕಾಯ್ದೆಯ 94ನೇ ಕಲಮು: ಪಟ್ಟಣ ಅಥವಾ ಹಳ್ಳಿ ಬೇಕಾದರೆ ಸದಸ್ಯರ ಸಭೆ ಬಿಟ್ಟು ಮತದಾರರ ಮಹಾಸಭೆ ಇಟ್ಟುಕೊಳ್ಳಬಹುದು. 1947ರಲ್ಲಿ ಬಂದ ಆ ಕಾಯ್ದೆಯ ಕೆಳಗೆ ಇದನ್ನು ನಿಜಕ್ಕೂ ಮಾಡಿ ನೋಡಿದ ಹಳ್ಳಿ ಇಡೀ ಜಪಾನಿನಲ್ಲಿ ಇದೊಂದೇ.

ನನಗಂತೂ ಓದಿ ಮೈ ಜುಮ್ ಅಂತು. ನಿಮಗೆ ಏನನ್ನಿಸುತ್ತದೆ?

ಹಳೇ ಪಿಡಿಒ

ಎಷ್ಟು ಜನ ಇದ್ದರು ಅಂತ ಮೊದಲು ಹೇಳಿ ಸ್ವಾಮಿ. ಆಮೇಲೆ ಜುಮ್ ಅನ್ನಿಸಿಕೊಳ್ಳೋಣ.

ನಕ್ಷೆಹುಚ್ಚ

ಅರವತ್ತು ಚಿಲ್ಲರೆ ಸರ್. ಮಕ್ಕಳನ್ನೂ ಸೇರಿಸಿ.

ಹಳೇ ಪಿಡಿಒ

ನೋಡಿದ್ರಾ. ನಮ್ಮಲ್ಲಿ 400 ಜನಕ್ಕೆ ಒಬ್ಬ ಗ್ರಾಮ ಪಂಚಾಯ್ತಿ ಸದಸ್ಯ. ಆ ಲೆಕ್ಕದಲ್ಲಿ ಇಡೀ ಉತ್ಸುಕಿಗೆ ಒಬ್ಬ ಸದಸ್ಯನ ಕಾಲು ಭಾಗವೂ ಬರುವುದಿಲ್ಲ. ಅರವತ್ತು ಜನರಲ್ಲಿ ಮಕ್ಕಳು, ಹಾಸಿಗೆ ಹಿಡಿದ ಮುದುಕರು, ಸಮುದ್ರಕ್ಕೆ ಹೋದವರನ್ನು ಬಿಟ್ಟರೆ ಉಳಿಯುವವರು ಎಷ್ಟು? ಅದರಲ್ಲಿ ನಾಲ್ವರನ್ನು ಆರಿಸಿ ಬೇರೆ ಕೂರಿಸುವುದಕ್ಕಿಂತ ಎಲ್ಲರೂ ಕೂರುವುದು ಸುಲಭ. ಇದು ಪ್ರಜಾಪ್ರಭುತ್ವದ ಶಿಖರ ಅಲ್ಲ, ಆಳಿಲ್ಲದ ಮನೆಯಲ್ಲಿ ಯಜಮಾನನೇ ಕಸ ಗುಡಿಸಿದ ಹಾಗೆ.

ನಾನು 20 ವರ್ಷಕ್ಕೂ ಜಾಸ್ತಿ ಗ್ರಾಮಸಭೆ ಮಾಡಿದವನು. ಕೋರಂ ಇಲ್ಲದೆ ಮುಂದೂಡಿದ ಸಭೆಗಳೇ ಎಷ್ಟೋ. ಒಂದು ಊರಲ್ಲಂತೂ ಜನ ಬರಲಿಲ್ಲ ಅಂತ ನಡಾವಳಿ ಪುಸ್ತಕವನ್ನೇ ಮನೆಮನೆಗೆ ಹೊತ್ತುಕೊಂಡು ಹೋಗಿ ಸಹಿ ಹಾಕಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಒಬ್ಬ ಅಜ್ಜಿ ಹೆಬ್ಬೆಟ್ಟು ಒತ್ತುವಾಗ "ಇದು ರೇಷನ್ನಿಗಾ ಮಗಾ?" ಅಂತ ಕೇಳಿದ್ದರು. ಆದ್ದರಿಂದ ಇಂಥ ಕಥೆಗಳನ್ನು ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ.

ನಕ್ಷೆಹುಚ್ಚ

ಒಪ್ಪುತ್ತೇನೆ ಸರ್, ಆದರೆ ಒಂದು ವ್ಯತ್ಯಾಸ. ನಮ್ಮ ಗ್ರಾಮಸಭೆ ಪಂಚಾಯ್ತಿಯ ಪಕ್ಕದಲ್ಲಿ ಕೂರುತ್ತದೆ. ಫಲಾನುಭವಿಗಳನ್ನು ಆರಿಸುತ್ತದೆ, ಬೇಡಿಕೆ ಇಡುತ್ತದೆ. ಕೊನೆಯ ಠರಾವು ಪಂಚಾಯ್ತಿಯದ್ದೇ. ಉತ್ಸುಕಿಯಲ್ಲಿ ಸಭೆಯೇ ಪಂಚಾಯ್ತಿ. ಊರ ಮುಖ್ಯಸ್ಥ ಬೇರೆ ಇರುತ್ತಾನೆ, ಅವನು ಲೆಕ್ಕ ಒಪ್ಪಿಸಬೇಕಾದ್ದು ನೆರೆಹೊರೆಯವರಿಗೆ. ನಿನ್ನೆ ಜೊತೆಗೆ ಮೀನು ಹಿಡಿದವನ ಮುಂದೆ ಇವತ್ತು ಬಜೆಟ್ ಓದುವುದನ್ನು ಯೋಚಿಸಿ!

ಪಿಯುಸಿ ಎರಡನೇ ವರ್ಷ

ಅಣ್ಣ, ಅದಕ್ಕೂ ಮೊದಲು ಹೇಗಿತ್ತು? 1951ರ ಹಿಂದೆ?

ನಕ್ಷೆಹುಚ್ಚ

ಅದು ಇನ್ನೂ ಸೋಜಿಗ. ಜಪಾನಿನಲ್ಲಿ 1889ರಿಂದಲೇ ಹೊಸ ಕಾಲದ ಪಟ್ಟಣ-ಹಳ್ಳಿ ಕಾನೂನು ಇದೆ. ಆದರೆ ದೂರದ ದ್ವೀಪಗಳನ್ನು ಅದರಿಂದ ಹೊರಗಿಟ್ಟಿದ್ದರು. ಹಚಿಜೋಜಿಮಾದ ಹಳ್ಳಿಗಳಿಗೆ 1908ರಲ್ಲಿ 'ದ್ವೀಪಗಳ ಕಾನೂನು' ಅಂತ ಒಂದು ಅರೆಬರೆ ವ್ಯವಸ್ಥೆ ಬಂತು. ಕೋಜಿಮಾಗೆ ಅದೂ ಬರಲಿಲ್ಲ. ಅಲ್ಲಿ ಎದೊ ಕಾಲದ, ಅಂದರೆ ಶೋಗನ್ ದೊರೆಗಳ ಹಳೇ ಕಾಲದ 'ನನುಶಿ' ಪದ್ಧತಿಯೇ 1947ರವರೆಗೂ ನಡೆಯಿತು. ನನುಶಿ ಅಂದರೆ ಹೆಚ್ಚುಕಮ್ಮಿ ನಮ್ಮ ಪಟೇಲರು. ಟೋಕಿಯೋದಲ್ಲಿ ಸುರಂಗ ರೈಲು ಓಡುತ್ತಿತ್ತು, ಮಹಾಯುದ್ಧವೇ ಆಗಿ ಮುಗಿಯಿತು. ಅದೇ ಟೋಕಿಯೋ ಆಡಳಿತದ ಕೆಳಗಿನ ಈ ದ್ವೀಪದಲ್ಲಿ ಇನ್ನೂ ಪಟೇಲಿಕೆ.

ಇಜು ದ್ವೀಪಗಳು ಟೋಕಿಯೋಗೆ ಸೇರಿದ್ದು 1878ರಲ್ಲಿ, ಅದಕ್ಕೆ ಮೊದಲು ಶಿಜುಓಕಾ ಕೈಯಲ್ಲಿದ್ದವು. ಇವತ್ತಿಗೂ ಹಚಿಜೋದಲ್ಲಿ ಓಡುವ ಕಾರಿನ ನಂಬರ್ ಪ್ಲೇಟಲ್ಲಿ ಟೋಕಿಯೋದ 'ಶಿನಗಾವ' ಅಂತಲೇ ಇರುತ್ತದೆ.

ಹಳೇ ಪಿಡಿಒ

ನಗಬೇಡಿ. ನಮ್ಮಲ್ಲೂ ಪಟೇಲಿಕೆ, ಶಾನುಭೋಗಿಕೆ ತೆಗೆಯುವ ಕಾಯ್ದೆ ಆದದ್ದು 1961ರಲ್ಲಿ. ಅವರು ನಮಗಿಂತ ಮುಂಚೆಯೇ ಬಿಟ್ಟಿದ್ದಾರೆ.

ಸಾಗರದಾಚೆ ಸುಮಾ

ನಾನು ಟೋಕಿಯೋದಲ್ಲಿದ್ದೇನೆ, ಎಂಟು ವರ್ಷ ಆಯಿತು. ಎರಡು ವರ್ಷದ ಹಿಂದೆ ಹಚಿಜೋಜಿಮಾಗೆ ಹೋಗಿದ್ದೆವು. ತಾಕೆಶಿಬಾ ಬಂದರಿನಲ್ಲಿ ರಾತ್ರಿ ಹಡಗು ಹತ್ತಿದರೆ ಬೆಳಿಗ್ಗೆ ತಿಂಡಿ ಹೊತ್ತಿಗೆ ಇಳಿಯಬಹುದು. ನನಗೆ ರಾತ್ರಿಯಿಡೀ ವಾಂತಿ, ಅದನ್ನು ಬಿಡಿ. ವಾಪಸ್ ಬರುವಾಗ ಸುಮ್ನೆ ವಿಮಾನ ಹತ್ತಿದೆವು, ಒಂದು ಗಂಟೆಯೂ ಆಗಲಿಲ್ಲ.

ಪಶ್ಚಿಮದ ಕಡಲ ಅಂಚಿನಲ್ಲಿ ನನ್ಬರಾ ಅಂತ ಒಂದು ಜಾಗ. ಲಾವಾ ಹರಿದು ಸಮುದ್ರಕ್ಕೆ ಬಿದ್ದು ಗಟ್ಟಿಯಾಗಿ, ಕರೀ ಬಂಡೆ ಹಾಸಿದ ಹಾಗಾಗಿದೆ. ತುದಿ ಚೂಪು, ಚಪ್ಪಲಿಯಲ್ಲಿ ನಡೆಯಲು ಆಗುವುದಿಲ್ಲ. ಅಲ್ಲಿ ನಿಂತರೆ ಕೋಜಿಮಾ ಎದುರಿಗೇ ನೀರಿಂದ ಎದ್ದು ನಿಂತ ಹಾಗೆ ಕಾಣುತ್ತದೆ. ಸಂಜೆ ಸೂರ್ಯ ಅದರ ಹಿಂದೆ ಇಳಿಯುತ್ತಿದ್ದ. ಕೈ ಚಾಚಿದರೆ ಸಿಗುತ್ತದೆ ಅನ್ನಿಸುವಷ್ಟು ಹತ್ತಿರ. ಆದರೆ ನಡುವಿನ ನೀರು ನೋಡಿದರೆ ಭಯವಾಗುತ್ತದೆ. ಬಿಳಿ ನೊರೆ ಎಳೆದುಕೊಂಡು ಒಂದೇ ದಿಕ್ಕಿಗೆ ಓಡುತ್ತಿರುತ್ತದೆ, ಹೊಳೆ ಥರ. ಕುರೊಶಿಯೋ ಅನ್ನುವ ಸಮುದ್ರ ಪ್ರವಾಹದ ದಾರಿ ಅದು.

ಅದೇ ಬಂಡೆಗಳ ಹತ್ತಿರ ಉಕಿತಾ ಹಿದೆಇಯೆ ಮತ್ತು ಅವನ ಹೆಂಡತಿಯ ಮೂರ್ತಿಗಳಿವೆ. ದೊಡ್ಡ ದೊರೆ, 1600ರ ಸೆಕಿಗಹರಾ ಯುದ್ಧದಲ್ಲಿ ಸೋತ. 1606ರಲ್ಲಿ ಅವನನ್ನು ಇಲ್ಲಿಗೆ ಗಡಿಪಾರು ಮಾಡಿದರು. 1655ರಲ್ಲಿ ಇಲ್ಲೇ ತೀರಿಕೊಂಡ. ಸುಮಾರು 50 ವರ್ಷ! ದಿನಾ ಸಂಜೆ ಅವನಿಗೂ ಈ ಕೋಜಿಮಾ ಕಂಡಿರಬೇಕು, ಅಲ್ವಾ?

ಅಲ್ಲಿ ಕುಸಾಯ ಅನ್ನುವ ಒಣಮೀನು ತಿಂದೆ. ನಮ್ಮ ಮಂಗಳೂರು ಕಡೆಯವರಿಗೂ ಆ ವಾಸನೆ ಸ್ವಲ್ಪ ಜಾಸ್ತಿಯೇ ಆದೀತು.

ಕರಾವಳಿ ಸಿಸ್ಟರ್

ಸುಮಾ ಮಾರಾಯ್ತಿ, ಒಣಮೀನಿನ ವಿಷಯದಲ್ಲಿ ನಮಗೆ ಸವಾಲು ಹಾಕಬೇಡಿ.

ನಾನು ಇಲ್ಲಿಗೆ ಬಂದದ್ದು ಬೇರೆ ಕಾರಣಕ್ಕೆ. ಕೋಜಿಮಾ ಹೆಸರು ನನಗೆ ಮೊದಲೇ ಗೊತ್ತು. ನಮ್ಮ ಫೈಲೇರಿಯಾ ತರಬೇತಿಯಲ್ಲಿ ಒಬ್ಬರು ಮೇಷ್ಟ್ರು ಹೇಳಿದ್ದರು. ಆನೆಕಾಲು ರೋಗ ಗೊತ್ತಲ್ಲ? ಆ ದ್ವೀಪದಲ್ಲಿ ಅದು ತುಂಬಾ ಇತ್ತು. ಅಲ್ಲಿನ ಜನ ಅದನ್ನು 'ಬಾಕು' ಅಂತ ಕರೆಯುತ್ತಿದ್ದರು. 1948ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದ ಸಾಸಾ ಮನಬು ಅನ್ನುವ ವೈದ್ಯರು ತಂಡ ಕಟ್ಟಿಕೊಂಡು ಹೋದರು. ನೋಡಿದರೆ ಹುಳುವೇ ಬೇರೆ. ಜಪಾನಿನ ಉಳಿದ ಕಡೆ ಇದ್ದದ್ದು ವುಚೆರೇರಿಯಾ, ನಮ್ಮ ದಕ್ಷಿಣ ಕನ್ನಡ, ಉಡುಪಿ, ಕಲಬುರಗಿ ಕಡೆ ಇರುವುದೂ ಅದೇ. ಕೋಜಿಮಾದಲ್ಲಿ ಮಾತ್ರ ಬ್ರೂಜಿಯಾ ಮಲಾಯಿ. ನಮ್ಮ ದೇಶದಲ್ಲಿ ಅದು ಕೇರಳದ ಚೇರ್ತಲ ಕಡೆ ಇತ್ತು. ಈ ಹುಳುವಿನಿಂದ ಸಾಮಾನ್ಯವಾಗಿ ಮೊಣಕಾಲಿನ ಕೆಳಗೆ ಊದುತ್ತದೆ.

ಈಗ ಪಂಚಾಯ್ತಿ ವಿಷಯಕ್ಕೆ ಬರುತ್ತೇನೆ. ಆ ದ್ವೀಪದಲ್ಲಿ ಹೊಳೆ ಇಲ್ಲ, ಮಳೆನೀರೇ ಗತಿ. ಪ್ರತಿ ಮನೆಗೂ ತೊಟ್ಟಿ. ರೋಗ ಹರಡುವ ಸೊಳ್ಳೆ ಕಡಲಬಂಡೆಯ ಗುಂಡಿಗಳಲ್ಲಿ ನಿಂತ ನೀರಲ್ಲೂ ಹುಟ್ಟುತ್ತದೆ, ಈ ತೊಟ್ಟಿಗಳಲ್ಲೂ ಹುಟ್ಟುತ್ತದೆ. ಕುಡಿಯುವ ನೀರಿಟ್ಟುಕೊಂಡ ಜಾಗದಿಂದಲೇ ಕಾಲು ಊದುವ ರೋಗ! ಬಡತನ ಅಂದರೆ ಇದೇ. ತೊಟ್ಟಿ ಮುಚ್ಚಿಸುವುದು, ಮದ್ದು ಹಾಕಿಸುವುದು ಯಾರ ಕೆಲಸ? ಊರಿನವರ ಕೆಲಸ. ನಿಮ್ಮ ಮಹಾಸಭೆಯ ಮುಂದೆ ಇದ್ದ ನಿಜವಾದ ವಿಷಯ ಇಂಥದ್ದೇ ಇರಬೇಕು ನೋಡಿ.

ಪಿಯುಸಿ ಎರಡನೇ ವರ್ಷ

ಸಿಸ್ಟರ್, ರೋಗ ಹೇಗೆ ವಾಸಿಯಾಯಿತು?

ಕರಾವಳಿ ಸಿಸ್ಟರ್

ಡಿಇಸಿ ಗುಳಿಗೆ. ನಾನು ಸಾವಿರಗಟ್ಟಲೆ ಜನರಿಗೆ ನುಂಗಿಸಿದ ಅದೇ ಗುಳಿಗೆ. 1950ರಲ್ಲಿ ಆ ದ್ವೀಪದಲ್ಲಿ ಕೊಟ್ಟು ನೋಡಿದರು. ಅದನ್ನು ಮೊದಲು ಕಂಡುಹಿಡಿದದ್ದು ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ. ಅಲ್ಲಿ ಸಂಶೋಧನೆಯ ಮುಖ್ಯಸ್ಥರು ಯಾರು ಗೊತ್ತಾ? ನಮ್ಮ ಪಕ್ಕದ ಆಂಧ್ರದ ಭೀಮಾವರದ ಯಲ್ಲಾಪ್ರಗಡ ಸುಬ್ಬರಾವ್. ಹೆಸರು ಕೇಳಿದವರು ಎಷ್ಟು ಜನ ಇದ್ದೀರಿ ಇಲ್ಲಿ? 1948ರಲ್ಲಿ ಅವರು ತೀರಿಕೊಂಡರು, ಸಾಸಾ ಅವರು ಆ ದ್ವೀಪಕ್ಕೆ ಕಾಲಿಟ್ಟ ವರ್ಷವೇ.

ಗುಳಿಗೆಯ ಒಂದು ತೊಂದರೆ ಹೇಳುತ್ತೇನೆ. ಹುಳು ಇಲ್ಲದವರಿಗೆ ಹೆಚ್ಚೇನೂ ಆಗುವುದಿಲ್ಲ. ಹುಳು ಇದ್ದವರಿಗೆ, ಅದು ಸಾಯುವಾಗ ಜ್ವರ ಬರುತ್ತದೆ. ಕೋಜಿಮಾದಲ್ಲೂ ಜೋರು ಜ್ವರ ಬಂದು ಜನ ಹೆದರಿದ್ದರಂತೆ. ನನಗೆ ಇದು ಚೆನ್ನಾಗಿ ಅರ್ಥ ಆಗುತ್ತದೆ. ನಾವು ರಾತ್ರಿ ರಕ್ತ ತೆಗೆಯಲು ಹೋಗುತ್ತಿದ್ದೆವು. ಹುಳುವಿನ ಮರಿಗಳು ರಾತ್ರಿಯೇ ಮೇಲಿನ ರಕ್ತಕ್ಕೆ ಬರುವುದು, ಹಗಲು ಸಿಗುವುದಿಲ್ಲ. ಒಂಬತ್ತು ಗಂಟೆ ಮೇಲೆ ಟಾರ್ಚ್, ಸೂಜಿ, ಗಾಜಿನ ಪಟ್ಟಿ ಹಿಡಿದು ಬಾಗಿಲು ತಟ್ಟಿದರೆ ನಾಯಿ ಮೊದಲು ಬರುತ್ತಿತ್ತು, ಆಮೇಲೆ ಬೈಗುಳ. ಒಂದು ಮನೆಯ ಯಜಮಾನರು ಗುಳಿಗೆ ತಗೊಂಡ ಮರುದಿನ ಜ್ವರ ಬಂತೆಂದು ನನ್ನನ್ನು ಅಂಗಳದಲ್ಲೇ ನಿಲ್ಲಿಸಿ ಅರ್ಧ ಗಂಟೆ ಬೈದಿದ್ದರು. "ಜ್ವರ ಬಂದದ್ದು ಒಳ್ಳೇದೇ, ಹುಳ ಇತ್ತು ಅಂತ ಅರ್ಥ" ಅಂದೆ. ಇನ್ನೂ ಜಾಸ್ತಿ ಬೈದರು.

ಈಗ ಮೂರು ಮದ್ದು ಒಟ್ಟಿಗೆ ಕೊಡುತ್ತಾರೆ. ದೇಶದಲ್ಲಿ ಮೊದಲು ಶುರು ಮಾಡಿದ ಕೆಲವೇ ಜಿಲ್ಲೆಗಳಲ್ಲಿ ನಮ್ಮ ಯಾದಗಿರಿ ಒಂದು. ಆ ಮೂರರಲ್ಲಿ ಐವರ್ಮೆಕ್ಟಿನ್ ಜಪಾನಿನ ಒಮುರಾ ಅವರ ಕೆಲಸದಿಂದ ಬಂದದ್ದು, 2015ರ ನೊಬೆಲ್. ಸುಬ್ಬರಾವ್ ಗುಳಿಗೆ ಅಲ್ಲಿಗೆ ಹೋಯಿತು, ಒಮುರಾ ಗುಳಿಗೆ ಇಲ್ಲಿಗೆ ಬಂತು.

ಸಾಗರದಾಚೆ ಸುಮಾ

ಸಿಸ್ಟರ್, ಕೈ ಮುಗಿದೆ. ಇಲ್ಲಿ ಜಪಾನಿನ ದಕ್ಷಿಣದ ಒಕಿನಾವ ಕಡೆಯ ಮಿಯಾಕೊ ದ್ವೀಪದಲ್ಲಿ ಫೈಲೇರಿಯಾ ಗೆದ್ದ ನೆನಪಿಗೆ 1988ರಲ್ಲಿ ನೆಟ್ಟ ಸ್ಮಾರಕ ಇದೆ. ಅದರ ಹಿಂದೆ ಇಷ್ಟು ಕಥೆ ಇದೆ ಅಂತ ಗೊತ್ತಿರಲಿಲ್ಲ.

ಲೆಕ್ಕದ ಮೇಷ್ಟ್ರು

ಎಲ್ಲ ಸರಿ, 1955ಕ್ಕೆ ಮಹಾಸಭೆ ಯಾಕೆ ನಿಂತಿತು? ಜಗಳವಾಯಿತಾ?

ನಕ್ಷೆಹುಚ್ಚ

ಜಗಳ ಅಲ್ಲ ಮೇಷ್ಟ್ರೇ, ವಿಲೀನ. 1953ರಲ್ಲಿ ಸಣ್ಣ ಹಳ್ಳಿಗಳನ್ನೆಲ್ಲ ಕೂಡಿಸುವ ಕಾನೂನು ತಂದರು. ಒಂದೊಂದಕ್ಕೂ ಕಡಿಮೆ ಅಂದರೆ 8,000 ಜನ ಇರಬೇಕು ಅನ್ನುವುದು ಗುರಿ. ಆಗ ದೇಶದಲ್ಲಿ 9,868 ನಗರ-ಪಟ್ಟಣ-ಹಳ್ಳಿಗಳಿದ್ದವು, 1961ರ ಹೊತ್ತಿಗೆ 3,472ಕ್ಕೆ ಇಳಿದವು. ಆ ಗಾಳಿ ಇಲ್ಲಿಗೂ ಬೀಸಿತು. 1954ರ ಅಕ್ಟೋಬರಿನಲ್ಲಿ ತೊರಿಉಚಿ ಮತ್ತು ಹಚಿಜೋಜಿಮಾದ ನಾಲ್ಕು ಹಳ್ಳಿ ಸೇರಿ ಹಚಿಜೋ ಹಳ್ಳಿ ಆಯಿತು. 1955ರ ಏಪ್ರಿಲ್ 1ಕ್ಕೆ ಅದರ ಜೊತೆ ಒಕಾಗೊ ಮತ್ತು ಉತ್ಸುಕಿ ಸೇರಿ ಹಚಿಜೋ ಪಟ್ಟಣವಾಯಿತು. ಅಲ್ಲಿಗೆ ಮಹಾಸಭೆ ಮುಗಿಯಿತು.

ಹಳೇ ಪಿಡಿಒ

ಈಗ ನಾನು ನನ್ನ ಮಾತು ಬದಲಾಯಿಸುತ್ತೇನೆ, ನಗಬೇಡಿ.

1955ಕ್ಕೆ ಕಚೇರಿ ಸಮುದ್ರದ ಆಚೆ ಹೋಯಿತು. 1969ಕ್ಕೆ ಊರೇ ಹೋಯಿತು. ನಡುವೆ 14 ವರ್ಷ. ಕಾಕತಾಳೀಯ ಅನ್ನುತ್ತೀರಾ? ನಾನು ಒಂದು ಪಂಚಾಯ್ತಿ ಎರಡಾದದ್ದನ್ನೂ ನೋಡಿದ್ದೇನೆ, ಊರುಗಳು ಪಟ್ಟಣಕ್ಕೆ ಸೇರಿದ್ದನ್ನೂ ನೋಡಿದ್ದೇನೆ. ಸೇರಿದ ಊರಿನ ಬೀದಿದೀಪ ಕೆಟ್ಟರೆ ಮೊದಲು ಒಬ್ಬ ಹೋಗಿ ವಾಟರ್‌ಮ್ಯಾನ್ ಮನೆ ಮುಂದೆ ಕೂಗಾಡುತ್ತಿದ್ದ, ಮರುದಿನ ದೀಪ ಉರಿಯುತ್ತಿತ್ತು. ಆಮೇಲೆ ಅರ್ಜಿ, ಟಪಾಲು, ವಾರ್ಡ್ ನಂಬರು. ದುಡ್ಡು ಜಾಸ್ತಿ ಬಂತು ನಿಜ, ಕೂಗಾಡಲು ಬಾಗಿಲು ಇಲ್ಲವಾಯಿತು. ಅರವತ್ತು ಜನರ ಸಭೆ ಒಂದು ಬಾಗಿಲಾಗಿತ್ತು.

ಲೆಕ್ಕದ ಮೇಷ್ಟ್ರು

ಸರ್, ಬಾಗಿಲು ಇದ್ದರೂ ಒಳಗೆ ಏನಿತ್ತು? ವಿದ್ಯುತ್ ಇಲ್ಲ, ನಲ್ಲಿ ನೀರಿಲ್ಲ, ಡಾಕ್ಟರ್ ಇಲ್ಲ, ದೋಣಿ ನಿಲ್ಲಿಸಲು ಸರಿಯಾದ ಬಂದರಿಲ್ಲ. ಅರವತ್ತು ಜನ ಕೂತು ಸರ್ವಾನುಮತದಿಂದ ಠರಾವು ಮಾಡಿದರೆ ಜೆಟ್ಟಿ ಬರುತ್ತದಾ? ಕಚೇರಿ ಹೋಗಿದ್ದಕ್ಕೆ ಊರು ಹೋಗಲಿಲ್ಲ. ಎರಡೂ ಹೋಗಿದ್ದು ಒಂದೇ ಕಾರಣಕ್ಕೆ.

ಮತ್ತೆ, ಯಾರೂ ಅವರನ್ನು ಓಡಿಸಲಿಲ್ಲ. ನಾನು ಓದಿದ ಪ್ರಕಾರ 1966ರಲ್ಲಿ ಅವರೇ ಪಟ್ಟಣ ಆಡಳಿತಕ್ಕೆ ಅರ್ಜಿ ಕೊಟ್ಟರು, ನಮ್ಮನ್ನೆಲ್ಲ ಒಟ್ಟಿಗೆ ಕರೆದುಕೊಂಡು ಹೋಗಿ ಅಂತ.

ನಕ್ಷೆಹುಚ್ಚ

ಇಬ್ಬರದೂ ಸರಿ ಅಂದರೆ ಇಬ್ಬರೂ ಬೈಯುತ್ತೀರಿ. ಅರ್ಜಿ ಅವರದ್ದೇ. ದ್ವೀಪದ ಎರಡೂ ಊರು ಸೇರಿ ಕೊನೆಗೆ ಉಳಿದದ್ದು 91 ಜನ. ಶಾಲೆ ಮುಗಿಸಿದ ಮಕ್ಕಳು ಹೊರಗೆ ಹೋದರೆ ವಾಪಸ್ ಬರುತ್ತಿರಲಿಲ್ಲ. ಎದುರಿನ ಹಚಿಜೋದಲ್ಲಿ ದೀಪ ಉರಿಯುವುದು ದಿನಾ ರಾತ್ರಿ ಕಾಣುತ್ತದೆ, ಇಲ್ಲಿ ಕತ್ತಲು. 1969ರ ಮಾರ್ಚಿನಲ್ಲಿ ಎರಡೂ ಶಾಲೆ ಮುಚ್ಚಿದವು, ಆ ವರ್ಷವೇ ಎಲ್ಲರೂ ಬಿಟ್ಟರು.

ಆದರೆ ಪಿಡಿಒ ಸರ್ ಪರವಾಗಿ ಒಂದು ಸಾಕ್ಷಿ ಇದೆ. ಇನ್ನೂ ದಕ್ಷಿಣಕ್ಕೆ ಹೋಗಿ. ಟೋಕಿಯೋದಿಂದ ಸುಮಾರು 360 ಕಿ.ಮೀ. ಅಲ್ಲಿ ಅಓಗಶಿಮಾ. ಇದು ಇವತ್ತಿಗೂ ಸ್ವಂತ ಹಳ್ಳಿ ಆಡಳಿತ, ಸ್ವಂತ ಮುಖ್ಯಸ್ಥ, ಸ್ವಂತ ಸದಸ್ಯರಿರುವ ಹಳ್ಳಿ. 2020ರ ಜನಗಣತಿಯಲ್ಲಿ 169 ಜನ. ಜನಸಂಖ್ಯೆಯಲ್ಲಿ ಜಪಾನಿನ ಅತಿ ಚಿಕ್ಕ ಸ್ಥಳೀಯ ಆಡಳಿತ ಘಟಕ ಅದು.

1785ರಲ್ಲಿ ಅಲ್ಲಿನ ಜ್ವಾಲಾಮುಖಿ ಸಿಡಿಯಿತು. 327 ಜನರಲ್ಲಿ 130ಕ್ಕೂ ಹೆಚ್ಚು ಮಂದಿ ಸತ್ತರು, ಉಳಿದವರು ಹಚಿಜೋಗೆ ಓಡಿದರು. ಅವರು ಬಿಡಲಿಲ್ಲ ನೋಡಿ! ವಾಪಸ್ ಹೋಗಲು ಮತ್ತೆ ಮತ್ತೆ ಹಡಗು ಹತ್ತಿದರು, ಎಷ್ಟೋ ಸಲ ಸಮುದ್ರ ನುಂಗಿತು. ಕೊನೆಗೆ ಸಾಸಾಕಿ ಜಿರೊದಾಯು ಅನ್ನುವ ನಾಯಕ ಮುಂದೆ ನಿಂತು, 1824ರಲ್ಲಿ ಜನ ಊರಿಗೆ ಮರಳಿದರು. ಸುಮಾರು 40 ವರ್ಷ ನಿರಾಶ್ರಿತರಾಗಿದ್ದು ಮರಳಿದ್ದು! ಓಡಿಬಂದಾಗ ಮಗುವಾಗಿದ್ದವರು ಮುದುಕರಾಗಿ ಮನೆ ಸೇರಿದರು.

ಪಿಯುಸಿ ಎರಡನೇ ವರ್ಷ

ಅಣ್ಣ, ಅಲ್ಲಿ ಮನೆಗಳಿಗೆ ನಂಬರೇ ಇಲ್ಲವಂತೆ ನಿಜಾನಾ?

ನಕ್ಷೆಹುಚ್ಚ

ನಿಜ. ಇಡೀ ಹಳ್ಳಿಯ ವಿಳಾಸ 'ಟೋಕಿಯೋ, ಅಓಗಶಿಮಾ ಹಳ್ಳಿ, ನಂಬರಿಲ್ಲ'. ಹೆಸರು ಬರೆದರೆ ಕಾಗದ ತಲುಪುತ್ತದೆ.

ಇನ್ನೊಂದು ತಮಾಷೆ. 1956ರವರೆಗೆ ಅಲ್ಲಿನವರು ಸಂಸತ್ತಿನ ಚುನಾವಣೆಯಲ್ಲಿ ಮತ ಹಾಕುವಂತೆಯೇ ಇರಲಿಲ್ಲ. ಹಕ್ಕಿಲ್ಲ ಅಂತಲ್ಲ. ದೋಣಿ, ಸಂಪರ್ಕ ಸರಿ ಇಲ್ಲ ಅಂತ ಚುನಾವಣಾ ನಿಯಮದಲ್ಲೇ 'ಇಲ್ಲಿ ಚುನಾವಣೆ ನಡೆಸುವುದಿಲ್ಲ' ಅಂತ ಬರೆದಿಟ್ಟಿದ್ದರು! ಮೊದಲ ಸಲ ಮತ ಹಾಕಿದ್ದು 1956ರ ಜುಲೈಯಲ್ಲಿ, ಮೇಲ್ಮನೆ ಚುನಾವಣೆಗೆ.

ಅಂದರೆ 1951ರ ಚಿತ್ರ ಹೀಗೆ: ಟೋಕಿಯೋ ಆಡಳಿತದ ಒಂದೇ ಉಪಕಚೇರಿಯ ಕೆಳಗೆ ಎರಡು ದ್ವೀಪ. ಒಂದರಲ್ಲಿ ಎಲ್ಲರೂ ಶಾಸಕರು. ಇನ್ನೊಂದರಲ್ಲಿ ದೇಶದ ಶಾಸಕರನ್ನು ಆರಿಸಲು ಒಬ್ಬರಿಗೂ ಆಗುವುದಿಲ್ಲ.

ಲೆಕ್ಕದ ಮೇಷ್ಟ್ರು

ಚಿತ್ರ ಚೆನ್ನಾಗಿದೆ. ಆದರೆ ಅಓಗಶಿಮಾ ಉಳಿದದ್ದು ಕಚೇರಿ ಇದ್ದದ್ದರಿಂದಲೋ, ಟೋಕಿಯೋ ಶ್ರೀಮಂತ ಆದದ್ದರಿಂದಲೋ? 1993ರಿಂದ ಹಚಿಜೋದಿಂದ ದಿನಾ ಹೆಲಿಕಾಪ್ಟರ್ ಇದೆ, ಒಂಬತ್ತು ಸೀಟು. ಅಂಥದ್ದನ್ನು ನಡೆಸುವ ದುಡ್ಡು 169 ಜನರ ತೆರಿಗೆಯಿಂದ ಬರುವುದಿಲ್ಲ.

ಹಳೇ ಪಿಡಿಒ

ಬರುವುದಿಲ್ಲ. ಆದರೆ ಕೇಳುವವನು ಬೇಕಲ್ಲ ಮೇಷ್ಟ್ರೇ. ಹೆಲಿಕಾಪ್ಟರ್ ಬೇಕು ಅಂತ ಹಳ್ಳಿಯ ಮೊಹರು ಒತ್ತಿದ ಕಾಗದ ಕಳಿಸುವವನು. ಕೋಜಿಮಾದ 91 ಜನರ ಕೈಯಲ್ಲಿ ಆ ಮೊಹರು ಇರಲಿಲ್ಲ.

ಕರಾವಳಿ ಸಿಸ್ಟರ್

ನೀವಿಬ್ಬರೂ ಮೊಹರು, ದುಡ್ಡು ಅನ್ನುತ್ತಿದ್ದೀರಿ. ಹೆಂಗಸರ ವಿಷಯ ಯಾರೂ ಎತ್ತಲಿಲ್ಲ. ಜಪಾನಿನಲ್ಲಿ ಹೆಂಗಸರಿಗೆ ಮತ ಸಿಕ್ಕಿದ್ದು ಯುದ್ಧ ಮುಗಿದ ಮೇಲೆ, ಅಲ್ವಾ? ಹಾಗಾದರೆ ಉತ್ಸುಕಿಯಲ್ಲಿ ಪಟೇಲಿಕೆ ಹೋಗಿ ನಾಲ್ಕೇ ವರ್ಷಕ್ಕೆ ಮನೆಯ ಅಜ್ಜಿ, ಸೊಸೆ ಎಲ್ಲ ಸಭೆಯ ಸದಸ್ಯರು. ಮಾತಾಡಿದರೋ ಬಿಟ್ಟರೋ, ನೀರಿನ ತೊಟ್ಟಿ ತೊಳೆಯುವವರು ಅವರೇ ತಾನೇ. ಬಾಗಿಲ ಹಿಂದೆ ನಿಂತು ಕೇಳಬೇಕಾಗಿರಲಿಲ್ಲ.

ನಕ್ಷೆಹುಚ್ಚ

ಸಿಸ್ಟರ್, ಇದು ನನಗೆ ಹೊಳೆದೇ ಇರಲಿಲ್ಲ. ಯುದ್ಧಕ್ಕೆ ಮೊದಲೂ ಇಂಥದೊಂದು ಮಹಾಸಭೆ ಇತ್ತು, ಹಕೋನೆ ಬೆಟ್ಟದ ಅಶಿನೊಯು ಹಳ್ಳಿಯಲ್ಲಿ, ಹಳೇ ಕಾನೂನಿನ ಕೆಳಗೆ. ಅದು ಗಂಡಸರದ್ದು ಮಾತ್ರ. ಹೆಂಗಸರೂ ಕೂತ ಮಹಾಸಭೆ ಉತ್ಸುಕಿಯದ್ದೇ.

ಅಂದ ಹಾಗೆ 94ನೇ ಕಲಮು ಸತ್ತಿಲ್ಲ. ಶಿಕೊಕು ದ್ವೀಪದ ಗುಡ್ಡಗಾಡಿನ ಒಕಾವಾ ಹಳ್ಳಿ, ಸುಮಾರು 400 ಜನ. ಆರು ಸದಸ್ಯ ಸ್ಥಾನಕ್ಕೆ ನಿಲ್ಲುವವರೇ ಸಿಗದೆ ಹೋದಾರು ಅಂತ 2017ರಲ್ಲಿ ಮಹಾಸಭೆ ಮಾಡೋಣವೇ ಎಂದು ಯೋಚಿಸಿದರು. ಎಲ್ಲ ಪತ್ರಿಕೆಗಳೂ ಉತ್ಸುಕಿಯ ಹೆಸರನ್ನು ಹುಡುಕಿ ತೆಗೆದವು. ಮುದುಕರನ್ನು ಗುಡ್ಡ ಇಳಿಸಿ ಸಭೆಗೆ ಕರೆತರುವುದು ಹೇಗೆ ಅನ್ನುವಲ್ಲಿಗೆ ಬಂದು, ಕೆಲವೇ ತಿಂಗಳಲ್ಲಿ ಕೈಬಿಟ್ಟರು.

ಹಳೇ ಪಿಡಿಒ

ಕೋರಂ! ಅಲ್ಲೂ ಅದೇ ಗೋಳು.

ಸಾಗರದಾಚೆ ಸುಮಾ

ಈಗ ಕೋಜಿಮಾದಲ್ಲಿ ಯಾರಿದ್ದಾರೆ ಅಂತ ಯಾರೂ ಕೇಳಲಿಲ್ಲ. ಜನ ಬಿಟ್ಟು ಹೋದಾಗ ಆಡುಗಳನ್ನು ಅಲ್ಲೇ ಬಿಟ್ಟರು. ಅವು ಕಾಡಾಡುಗಳಾಗಿ, ಸಿಕ್ಕಾಪಟ್ಟೆ ಹೆಚ್ಚಿ, ಇಡೀ ಗುಡ್ಡವನ್ನು ಬೋಳು ಮಾಡಿದವು. 2001ರಿಂದ ಹಿಡಿದು ಸಾಗಿಸಲು ಶುರು ಮಾಡಿದರು. ಹಸಿರು ಮರಳಿತು. ಆಮೇಲೆ ಕಪ್ಪುಕಾಲಿನ ಆಲ್ಬಟ್ರಾಸ್ ಹಕ್ಕಿಗಳು ಬಂದು ಮರಿ ಮಾಡಿವೆ.

ಮುಂದಿನ ಮೇ ತಿಂಗಳಲ್ಲಿ ಮತ್ತೆ ಹಚಿಜೋಗೆ ಹೋಗುವ ಯೋಚನೆ ಇದೆ. ಮೀನುಗಾರರ ದೋಣಿ ಗೊತ್ತು ಮಾಡಿಕೊಂಡರೆ ಕೋಜಿಮಾ ಹತ್ತಿರ ಹೋಗಬಹುದಂತೆ, ಸಮುದ್ರ ಒಪ್ಪಿದರೆ. ಏನಾದರೂ ನೋಡಿಕೊಂಡು ಬರಬೇಕಾ?

ಕರಾವಳಿ ಸಿಸ್ಟರ್

ನೀರಿನ ತೊಟ್ಟಿ ಒಂದಾದರೂ ಉಳಿದಿದೆಯಾ ನೋಡು ಸುಮಾ. ಇದ್ದರೆ ಒಂದು ಫೋಟೋ. ಮತ್ತೆ ತುಂಬು ತೋಳಿನ ಬಟ್ಟೆ ಹಾಕ್ಕೊಂಡು ಹೋಗು.

ಸಾಗರದಾಚೆ ಸುಮಾ

ಆಯ್ತು ಅಕ್ಕ. ವಾಂತಿ ಮಾತ್ರೆನೂ ಇಟ್ಕೊಳ್ತೀನಿ.